ಹಳದಿ ನೂಲಿನ ಗಂಟು

ಹೊಸ ಡ್ಯಾಶ್‌ಬೋರ್ಡ್ ಕೂರಿಸಿ ಎರಡು ದಿನವಾದರೂ ಜೀಪು ಜಿಯಾಉದ್ದೀನನ ಮಾತು ಕೇಳುತ್ತಿರಲಿಲ್ಲ. ಇಂಡಿಕೇಟರ್ ಹಾಕಿದರೆ ವೈಪರ್ ಆಡುತ್ತಿತ್ತು, ಹೆಡ್‌ಲೈಟ್ ಹಾಕಿದರೆ ಮೀಟರಿನ ಮುಳ್ಳುಗಳೆಲ್ಲ ಮಲಗಿಬಿಡುತ್ತಿದ್ದವು. ಸಡಿಲವಾಗಿದ್ದ ಅರ್ತ್ ವೈರ್ ಬಿಗಿದು, ಅದಲುಬದಲಾಗಿದ್ದ ಎರಡು ವೈರ್ ಸರಿಮಾಡಿದ ಮೇಲೆ ಉಳಿದದ್ದು ಒಂದೇ ತಕರಾರು. ಬ್ರೇಕ್ ಆಯಿಲ್ ಕಡಿಮೆಯಾದಾಗ ಉರಿಯಬೇಕಾದ ಕೆಂಪು ದೀಪ, ಬೇಕೆಂದೇ ಆಯಿಲ್ ತೆಗೆದು ನೋಡಿದರೂ ಉರಿಯಲಿಲ್ಲ.

ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕುಸುಮಾ ನೋಡುತ್ತಿದ್ದಳು. ನಾಲ್ಕು ತಿಂಗಳ ಹಿಂದೆ, ಸಂಸೆ ಇಳಿಜಾರಿನಲ್ಲಿ, ಆಯಿಲ್ ಸೋರಿ ಬ್ರೇಕ್ ಹಿಡಿಯದೆ ಇದೇ ಜೀಪು ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿತ್ತು. ಒಬ್ಬನೇ ಇದ್ದ ಅವಳ ಗಂಡ ಉಮೇಶ್ ಸ್ಟೇರಿಂಗಿನ ಮೇಲೇ ಪ್ರಾಣ ಬಿಟ್ಟಿದ್ದ. ಸೋಮವಾರದಿಂದ ಶಾಲೆ ಮಕ್ಕಳನ್ನು ಕೂರಿಸಿಕೊಂಡು ಅವಳೇ ಓಡಿಸುವವಳಿದ್ದಳು.

"ಜಿಯಾಣ್ಣ, ಆ ಕೆಂಪು ಲೈಟ್ ಉರೀಲೇಬೇಕು. ಕುಡಿದ ಅಮಲಲ್ಲಿ ಲೈಟ್ ಉರಿದಿದ್ದೂ ಅವ್ರಿಗೆ ಕಾಣ್ಲಿಲ್ಲ ಅಂತ ಪೇಟೆಲೆಲ್ಲ ಆಡ್ಕೊಳ್ತಾರೆ. ನಮ್ಮತ್ತೆನೂ ನಂಬಿಬಿಟ್ಟಿದಾರೆ. ಜೀಪ್ ಹತ್ತೋ ದಿನ ಅವ್ರು ಒಂದು ತೊಟ್ಟೂ ಮುಟ್ತಿರ್ಲಿಲ್ಲ."

"ನಂಗೆ ಗೊತ್ತಿಲ್ವಾ ಅಮ್ಮ ಅವನು," ಎಂದ ಜಿಯಾಉದ್ದೀನ್.

ಬಲ್ಬ್ ಸರಿಯಿತ್ತು, ಫ್ಯೂಸ್ ಸರಿಯಿತ್ತು. ವೈರಿನ ಜಾಡು ಹಿಡಿದು ಬಾನೆಟ್ಟಿನೊಳಗೆ ಕೈ ಹಾಕಿದ. ಆಯಿಲ್ ಡಬ್ಬಿಯ ಹಿಂದೆ ಬೆರಳಿಗೆ ಒಂದು ಗಂಟು ಸಿಕ್ಕಿತು. ಅವನದೇ ಗಂಟು.

ಈ ಕಡೆಯ ಥಂಡಿಗೆ ಟೇಪಿನ ಅಂಟು ಒಂದು ಮಳೆಗಾಲವೂ ತಡೆಯುವುದಿಲ್ಲ. ಅದಕ್ಕೇ ಜಿಯಾಉದ್ದೀನ್ ಟೇಪಿನ ಮೇಲೆ ಹಳದಿ ನೂಲು ಸುತ್ತಿ ಗಂಟು ಹಾಕುತ್ತಿದ್ದ. ಇಡೀ ಕಳಸ ಪೇಟೆಯಲ್ಲಿ ಬೇರೆ ಯಾವ ಮೆಕ್ಯಾನಿಕ್ಕಿಗೂ ಅಷ್ಟು ವ್ಯವಧಾನವಿರಲಿಲ್ಲ. "ಟೇಪ್ ಬಿಟ್ರೂ ನನ್ನ ಗಂಟು ಬಿಡಲ್ಲ," ಎಂದು ಬಂದವರೆದುರೆಲ್ಲ ಕೊಚ್ಚಿಕೊಳ್ಳುವುದು ಅವನ ಚಾಳಿ. ಇವತ್ತು ಬೆಳಿಗ್ಗೆ ಕುಸುಮಾಳೆದುರೂ ಕೊಚ್ಚಿಕೊಂಡಿದ್ದ.

ಎರಡು ವರ್ಷದ ಹಿಂದೆ ಉಮೇಶ್ ಬಂದು ಗೊಣಗಿದ್ದ: "ಏರಲ್ಲಿ ಆಯಿಲ್ ವಾಲಿದ್ರೆ ಸಾಕು, ಕೆಂಪು ಲೈಟ್ ಮಿಣಮಿಣ ಅಂತದೆ. ಕೂತವ್ರು ಹೆದರ್ತಾರೆ ಮಾರಾಯ." ಡಬ್ಬಿಯೊಳಗೆ ಆಯಿಲ್ ಮಟ್ಟ ನೋಡುವ ಫ್ಲೋಟ್ ಬದಲಿಸಬೇಕಿತ್ತು. ಅದು ಬರುವವರೆಗೆ ಇರಲೆಂದು ಇವನು ವೈರನ್ನೇ ಕತ್ತರಿಸಿ, ಎರಡೂ ತುದಿಗೆ ಟೇಪ್ ಸುತ್ತಿ, ನೂಲು ಕಟ್ಟಿ ಕಳಿಸಿದ್ದ. ಆಮೇಲೆ ಇಬ್ಬರೂ ಮರೆತರು. ಎಷ್ಟು ಸಲೀಸಾಗಿ ಮರೆತಿದ್ದರು!

ನಿಜ ಹೇಳಿದರೆ ಉಮೇಶನ ಹೆಸರು ಉಳಿಯುತ್ತಿತ್ತು, ತನ್ನದು ಮಣ್ಣುಪಾಲಾಗುತ್ತಿತ್ತು. ವೈರ್ ಕಡಿದದ್ದು ಇಲಿ ಎಂದುಬಿಟ್ಟರೆ ಇಬ್ಬರದೂ ಉಳಿಯುತ್ತಿತ್ತು. ಜಿಯಾಉದ್ದೀನ್ ಕೈಗೆ ಸಿಕ್ಕ ಗಂಟನ್ನು ಬ್ಲೇಡಿನಿಂದ ಕೊಯ್ದು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ವೈರ್ ತುಂಡಾಗಿತ್ತಮ್ಮ. ಇಲಿ ಕಡಿದಿರ್ಬೇಕು. ತುಂಬಾ ಹಳೇದು."

ಕುಸುಮಾ ಧಡಕ್ಕನೆ ಎದ್ದಳು. "ಹಾಗಾದ್ರೆ ಅವತ್ತು ಲೈಟ್ ಉರಿದೇ ಇಲ್ಲ!" ನಾಲ್ಕು ತಿಂಗಳಲ್ಲಿ ಆ ಮುಖದಲ್ಲಿ ಅಷ್ಟು ಬೆಳಕನ್ನು ಅವನು ಕಂಡಿರಲಿಲ್ಲ. "ಎಲ್ಲಿ ತೋರಿಸಿ ಜಿಯಾಣ್ಣ. ನಾನೇ ಕಣ್ಣಾರೆ ನೋಡಿದೆ ಅಂತ ಅತ್ತೆಗೆ ಹೇಳ್ಬೇಕು."

"ಬೇಡಮ್ಮ, ಕೈಯೆಲ್ಲ ಗ್ರೀಸ್ ಆಗುತ್ತೆ..."

ಅಷ್ಟರಲ್ಲಿ ಅವಳು ಬಾನೆಟ್ಟಿನೊಳಗೆ ಬಗ್ಗಿಯಾಗಿತ್ತು. ಆಯಿಲ್ ಡಬ್ಬಿಯ ಬದಿಯಲ್ಲಿ ವೈರಿನ ಇನ್ನೊಂದು ತುದಿ ಜೋತಾಡುತ್ತಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಂದಳು. ಒರೆಸಿದಳು. ಒಮ್ಮೆ ಎಳೆದು ನೋಡಿದಳು.

"ಟೇಪ್ ಬಿಟ್ಟಿದೆ ಜಿಯಾಣ್ಣ," ಎಂದಳು ತಲೆಯೆತ್ತದೆ. "ನಿಮ್ಮ ಗಂಟು ಬಿಟ್ಟಿಲ್ಲ."