ಕೆಮ್ಮದ ಚಿಗವ್ವ

ಒಲೆಗೆ ಬಿದ್ದ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಇಂದಿಗೂ ನನಗೆ ನೆನಪಾಗುವುದು ಚಿಗವ್ವ, ನನ್ನ ಕಾಕಾನ ಹೆಂಡತಿ.

ಎಪ್ಪತ್ತರ ದಶಕ, ದೇವರ ಹಿಪ್ಪರಗಿಯ ನಮ್ಮ ಮನೆ. ಅವಳ ಚೊಚ್ಚಲ ಕೂಸು ತೀರಿಕೊಂಡು ಮೂರು ತಿಂಗಳಾಗಿತ್ತು. ರೊಟ್ಟಿ ಬಡಿಯುತ್ತ ಹಾಡುತ್ತಿದ್ದ ಚಿಗವ್ವ ಈಗ ತಲೆ ಬಾಚದೆ, ಸರಿಯಾಗಿ ಉಣ್ಣದೆ, ಹಗಲೆಲ್ಲ ಜೋಳದ ಚೀಲಕ್ಕೆ ಒರಗಿ ಕೂತಿರುತ್ತಿದ್ದಳು.

ಆ ಮಧ್ಯಾಹ್ನ ನಮ್ಮ ಅಜ್ಜಿ ಅವಳನ್ನು ಒಲೆಯ ಮುಂದೆ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ಅವಳ ನಂಬಿಕೆ. ಆದರೆ ಕ್ಷಣದಲ್ಲೇ ಮನೆಯೆಲ್ಲ ಘಾಟು ತುಂಬಿತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು. ನನಗೆ ಕೆಮ್ಮು ನಿಲ್ಲಲೊಲ್ಲದು.

"ದೃಷ್ಟಿ ಏನೂ ಆಗಿಲ್ಲ, ಬರೇ ಮೈಗಳ್ಳತನ ಐತಿ," ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. ಹಿಟ್ಟು ನಾದುವ ಪರಾತವನ್ನು ಚಿಗವ್ವನ ಮುಂದಕ್ಕೆ ತಳ್ಳಿದಳು. "ಹೂಂ, ರೊಟ್ಟಿ ಬಡಿ."

"ಕೈನ ಏಳಾಕತ್ತಿಲ್ರಿ, ಅತ್ತಿ," ಎಂದಳು ಚಿಗವ್ವ ಮೆಲ್ಲಗೆ.

"ಅಜ್ಜೀ, ಚಿಗವ್ವ ಕೆಮ್ಮಲೇ ಇಲ್ಲ ನೋಡ," ಎಂದೆ ನಾನು.

"ದೊಡ್ಡವರ ಮಾತಿನ್ಯಾಗ ಬಾಯಿ ಹಾಕಬ್ಯಾಡ. ಹೊರಗ ಆಡಾಕ ಹೋಗು."

ಹೋದೆ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದೆ. ಅಷ್ಟು ಹೊಗೆಯ ನಡುವೆ ಕೂತಿದ್ದ ಚಿಗವ್ವನ ಕಣ್ಣುಗಳು ಮಾತ್ರ ಒಣಗಿಯೇ ಇದ್ದವು.