ಕೊಂಬಣ್ಣನೂ ಕೆಸರುಗಪ್ಪೆಯೂ

ಕೊಂಬಣ್ಣನನ್ನು ಆರಿಸಿಕೊಳ್ಳುವುದೋ ಕೆಸರುಗಪ್ಪೆಯನ್ನೋ ಎಂದು ಅನು ಕಾಲು ಗಂಟೆಯಿಂದ ಎರಡೂ ರಾಕ್ಷಸ ಗೊಂಬೆಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಎದುರಿಗೆ ಗಂಡ ಬೀರೇಶ್ ಬೆರಳುದ್ದದ ಸೈನಿಕರನ್ನು ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಕುಲುಕುತ್ತ ಕಾಯುತ್ತಿದ್ದ. ಈ ಯುದ್ಧದಾಟದಲ್ಲಿ ಒಂದು ಸೈನ್ಯಕ್ಕೆ ಒಂದೇ ರಾಕ್ಷಸ. ಮದುವೆಯಾದ ಮೂರು ತಿಂಗಳಲ್ಲಿ ಬೀರೇಶ್ ಒಮ್ಮೆಯೂ ಕೊಂಬಣ್ಣನನ್ನು ಬಿಟ್ಟುಕೊಟ್ಟವನಲ್ಲ, ಅನು ಒಮ್ಮೆಯೂ ಗೆದ್ದವಳಲ್ಲ. ಇದು ಕಡೆಯ ಆಟವೆಂದು ಇವತ್ತು ಮಾತ್ರ ಮಹಾರಾಯ ಧಾರಾಳಿಯಾಗಿದ್ದ. "ನೀನೇ ಮೊದ್ಲು ತಗೊ" ಎಂದಿದ್ದ.

ಕಡೆಯ ಆಟ ಏಕೆಂದರೆ, ನಾಳೆ ಬೆಳಿಗ್ಗೆ ಈ ಆಟದ ಡಬ್ಬಿ ಬೈರಾಪಟ್ಟಣಕ್ಕೆ, ಅನುವಿನ ತೌರಿಗೆ ವಾಪಸು ಹೋಗಬೇಕು. ಅತ್ತೆ ತಿಮ್ಮಮ್ಮನ ಅಪ್ಪಣೆ. "ಬಾಳೋ ಮನೇಲಿ ದೆವ್ವ ಇಟ್ಕಬಾರ್ದು ಕಣವ್ವ" ಎಂದಿದ್ದಳು, ಬೈದಲ್ಲ, ಮೆತ್ತಗೇ. ಕಷ್ಟವಾದದ್ದು ಅದೇ. ಬೈದಿದ್ದರೆ ಅನು ಎದುರಾಡುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಗೆಳತಿ ಅಸ್ರಾಳ ಪಕ್ಕ ಕೂತು, ಮೂರೇ ಕೂದಲಿನ ಬ್ರಷ್ಷಿನಲ್ಲಿ ಇವಕ್ಕೆಲ್ಲ ಬಣ್ಣ ಹಚ್ಚಿದವಳು ಅವಳೇ. ಕಪ್ಪೆಯ ಬೆನ್ನಿನ ಗುಳ್ಳೆಗಳಿಗೇ ನಾಲ್ಕು ದಿನ ಹಿಡಿದಿತ್ತು. ಆ ಬೆನ್ನನ್ನು ಬರಿಗೈಲಿ ಸವರಿದ್ದಕ್ಕೆ ಬೀರೇಶ್ ಒಮ್ಮೆ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದ.

ಮರಳವಾಡಿಯ ಈ ಮನೆಯಲ್ಲಿ ಕುರಿಗಳ ಬೆನ್ನಿಗೆ ಅತ್ತೆ ಕೆಮ್ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತಾಳೆ. ಬೇರೆಯವರ ಮಂದೆಗೆ ಬೆರೆತರೂ ಇದು ನಮ್ಮದು ಎಂದು ಗೊತ್ತಾಗಲಿ ಅಂತ. ಅಲ್ಲಿಗೆ ನಿಲ್ಲದೆ ಬಕೆಟ್ಟಿಗೂ, ಕುಡುಗೋಲಿನ ಹಿಡಿಗೂ ಎಳೆದಿದ್ದಳು. ಗುರುತು ಕಾಣದ್ದು ಅನುವಿನ ಡಬ್ಬಿಯೊಂದೇ. ಆಮೇಲೆ ತಾನು, ಎಂದು ಅನುವಿಗೆ ಒಮ್ಮೊಮ್ಮೆ ಅನ್ನಿಸಿ ಸಂಕಟವಾಗುತ್ತಿತ್ತು.

ಬಾಗಿಲ ಬಳಿ ಮೊರದಲ್ಲಿ ಹುರುಳಿ ಕೇರುತ್ತಿದ್ದ ತಿಮ್ಮಮ್ಮನಿಗೆ ಸೊಸೆಯ ಮೀನಮೇಷ ಸಹಿಸಲಾಗಲಿಲ್ಲ.

"ಅದೇನವ್ವ ಅಷ್ಟೊಂದು ಯೋಚ್ನೆ? ಸಂತೇಲಿ ಟಗರು ನೋಡೋರೂ ಇಷ್ಟೊತ್ತು ನಿಲ್ಲಾಕಿಲ್ಲ."

"ಎರಡಕ್ಕೂ ಎಂಟೆಂಟು ಜೀವ ಅತ್ತೆ. ಕೊಂಬಣ್ಣ ಓಡಿ ಬಂದು ಗುದ್ದಿದ್ರೆ ಆರು ದಾಳ, ಆಮೇಲೆ ನಿಂತಲ್ಲೇ ಗುದ್ದಿದ್ರೆ ಎರಡೇ. ಕಪ್ಪೆ ತೆವಳ್ತದೆ, ಯಾವಾಗ್ಲೂ ಮೂರು ದಾಳ. ಆದ್ರೆ ಹೋದ ಜೀವದಲ್ಲಿ ಒಂದೊಂದು ಸುತ್ತಿಗೂ ಎರಡು ವಾಪಸ್ ಬತ್ತದೆ."

ತಿಮ್ಮಮ್ಮ ಮೊರ ಕೆಳಗಿಟ್ಟಳು. "ಅಂದ್ರೆ ಗಾಯ ತಾನೇ ಮಾಯಿಸ್ಕತ್ತದೆ ಅನ್ನು. ಮೇವು?"

"ಮೇವು ಬೇಕಾಗಿಲ್ಲ ಅತ್ತೆ."

"ಹಂಗಾರೆ ಇನ್ನೇನು!" ತಿಮ್ಮಮ್ಮ ಕೂತಲ್ಲಿಂದಲೇ ಮೊರದ ಸಮೇತ ಚಾಪೆಯ ಹತ್ತಿರಕ್ಕೆ ಸರಿದಳು. "ಹೋದೊರ್ಸ ನಿನ್ನ ಗಂಡ ಕೊಂಬು ನೋಡ್ಕಂಡು ಒಂದು ಟಗರು ತಂದ. ಬಂದಿದ್ ದಿನವೇ ಗೋಡೆಗೆ ಗುದ್ದಿ ಕೊಂಬು ಮುರ್ಕಂತು. ಗೋಡೆ ಇನ್ನೂ ಐತೆ."

"ಅದ್ಯಾಕವ್ವ ಈಗ?" ಬೀರೇಶ್ ಗೊಣಗಿದ.

"ಯಾವ್ದು ಚೆಂದ ಅಂತ ನೋಡ್ಬ್ಯಾಡ ಕಣವ್ವ. ಯಾರ ಎದ್ರಿಗೆ ಬುಡ್ತೀಯ ಅಂತ ನೋಡು. ನನ್ನ ಮಗ ಹುಟ್ಟಿದಾಗ್ಲಿಂದ ಮೊದಲ್ನೇ ಗುದ್ದಿನ ಗಿರಾಕಿ. ಕಪ್ಪೇನೇ ತಗೊ."

ಅನು ಕಪ್ಪೆಯನ್ನು ತೆಗೆದುಕೊಂಡಳು. ಬೀರೇಶ್ ಸೈನಿಕರನ್ನು ಮರೆತೇ ಕೊಂಬಣ್ಣನನ್ನು ನೇರ ನುಗ್ಗಿಸಿದ. ಆರು ದಾಳದಲ್ಲಿ ಐದು ಪೆಟ್ಟಾಗಿ ಬಿದ್ದವು, ಪೆಟ್ಟಿಗೊಂದು ಜೀವ. ಕಪ್ಪೆಗೆ ಉಳಿದದ್ದು ಮೂರೇ ಜೀವ. ಅದನ್ನು ಹಿಂದಕ್ಕೆ ಸರಿಸಲು ಅನು ಕೈ ಚಾಚಿದ್ದೇ ತಡ, ತಿಮ್ಮಮ್ಮ ಅವಳ ಮಣಿಕಟ್ಟು ಹಿಡಿದಳು.

"ಓಡಿಸ್ಬ್ಯಾಡ! ಜಾಗ ಬುಟ್ರೆ ಇನ್ನೊಂದ್ಸಲ ಓಡ್ಬಂದು ಗುದ್ತಾನೆ. ಮೈಗೆ ಅಂಟ್ಕಂಡು ಅಲ್ಲೇ ನಿಂತಿರ್ಲಿ."

ಮೂವತ್ತು ವರ್ಷ ಟಗರುಗಳ ಜಗಳ ಬಿಡಿಸಿದವಳ ಮಾತು. ಆಟದ ಪುಸ್ತಕದಲ್ಲೂ ಅದೇ ಇತ್ತು, ಅನುವಿಗೆ ಹೊಳೆದಿರಲಿಲ್ಲ. ಕಪ್ಪೆ ಅಲ್ಲೇ ನಿಂತಿತು. ಒಂದು ಪೆಟ್ಟು ತಿಂದು ಎರಡು ಜೀವ ಮಾಯಿಸಿಕೊಳ್ಳುತ್ತ, ಐದನೇ ಸುತ್ತಿಗೆ ಕೊಂಬಣ್ಣನನ್ನು ಕೆಡವಿಯೇ ಬಿಟ್ಟಿತು.

"ಬಿತ್ತು! ಬಿತ್ತಲ್ಲ ನಿನ್ನ ಟಗರು!" ತಿಮ್ಮಮ್ಮ ತೊಡೆ ತಟ್ಟಿದ ರಭಸಕ್ಕೆ ಮೊರ ಮಗುಚಿ ಹುರುಳಿಯೆಲ್ಲ ಯುದ್ಧಭೂಮಿಗೆ ಚೆಲ್ಲಿತು.

"ಅವ್ವಾ, ನೀನು ಯಾರ್ ಕಡೆ?"

"ಗೆಲ್ಲೋರ್ ಕಡೆ ಕಣ್ಲಾ."

ಅನು ಈ ಮನೆಗೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅವತ್ತೇ. ಆದರೆ ಡಬ್ಬಿ ಇಲ್ಲೇ ಇರಲಿ ಎಂದು ಅತ್ತೆ ಹೇಳಲಿಲ್ಲ. ಅನುವೂ ಕೇಳದೆ, ಚೆಲ್ಲಿದ ಹುರುಳಿ ಆರಿಸಿ ಮೊರಕ್ಕೆ ತುಂಬಿದಳು.

ಮರುದಿನ ಬೆಳಿಗ್ಗೆ ಬೀರೇಶ್ ಡಬ್ಬಿಯನ್ನು ಬೈಕಿನ ಹಿಂದೆ ಇಟ್ಟು ಹಗ್ಗ ಸುತ್ತುತ್ತಿದ್ದ. ಕಡೆಗೊಮ್ಮೆ ನೋಡಿಬಿಡೋಣವೆಂದು ಅನು ಕಪ್ಪೆಯನ್ನು ಹೊರತೆಗೆದು ಅಂಗೈ ಮೇಲೆ ನಿಲ್ಲಿಸಿಕೊಂಡಿದ್ದಳು. ಕೊಟ್ಟಿಗೆಯಲ್ಲಿ ಹೊಸ ಮರಿಗಳಿಗೆ ಗುರುತು ಹಾಕುತ್ತಿದ್ದ ತಿಮ್ಮಮ್ಮ ಕೆಮ್ಮಣ್ಣಿನ ಕರಟ ಹಿಡಿದುಕೊಂಡೇ ಬಂದಳು.

"ಒಸಿ ತಡಿಯವ್ವ" ಎಂದವಳೇ ಬೆರಳು ಅದ್ದಿ ಕಪ್ಪೆಯ ಬೆನ್ನಿನುದ್ದಕ್ಕೂ ಗೆರೆ ಎಳೆದಳು, ಆ ನಾಲ್ಕು ದಿನದ ಗುಳ್ಳೆಗಳ ಮೇಲೆಯೇ. ಮಂಗಳಾರತಿ ಈಗ ಅವ್ವನಿಗೆ ಎಂದು ಬೀರೇಶ್ ಕಣ್ಣು ಮುಚ್ಚಿದ. ಅನು ಅಂಗೈಯನ್ನು ಅತ್ತೆಯ ಮುಂದೆ ಹಾಗೇ ಹಿಡಿದಿದ್ದಳು.

"ಬಿಚ್ಲಾ ಆ ಹಗ್ಗವ. ಗುರುತು ಬಿದ್ದದ್ದ ಬ್ಯಾರೆ ಮನೆಗೆ ಕಳಸಾಕಿಲ್ಲ."

"ದೆವ್ವ ಅಂದಿದ್ದಲ್ಲವ್ವ?"

"ಗಾಯ ತಾನೇ ಮಾಯಿಸ್ಕಂಡು ನಿಂತ್ಕಳದು ದೆವ್ವ ಅಲ್ಲ ಕಣ್ಲಾ. ಆ ಕೊಂಬಿಂದನ್ನೂ ತಗಿ. ಸೋತ್ರೂ ನಮ್ದೇ, ಅದುಕ್ಕೂ ಎಳೀತೀನಿ."

ಕಪ್ಪೆ ಗಿಡ್ಡ, ಅತ್ತೆಯ ಬೆರಳು ದಪ್ಪ. ಗೆರೆ ಕಪ್ಪೆಯ ಬೆನ್ನಿಗೆ ನಿಲ್ಲದೆ ಕೆಳಗಿಳಿದು ಅನುವಿನ ಅಂಗೈಗೂ ಹರಿದಿತ್ತು. ಅನುವಿನ ಕಣ್ಣು ತುಂಬಿಕೊಂಡಿತ್ತು.

"ಅವ್ವಾ, ಅವಳ ಕೈಗೂ ಆಯ್ತು ನೋಡು" ಎಂದ ಬೀರೇಶ್.

ಮರಿಗಳತ್ತ ಹೊರಟಿದ್ದ ತಿಮ್ಮಮ್ಮ ತಿರುಗಿಯೂ ನೋಡಲಿಲ್ಲ. "ಇರ್ಲಿ ಬುಡ್ಲಾ. ಅದೂ ನಮ್ದೇ."