ಅಣ್ಣನ ನಡಿಗೆ

ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂದರೆ ಈಗಲೂ ಇಳಕಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಓಣಿಯುದ್ದಕ್ಕೂ ನೂಲು ಬಿಗಿದು ಅವ್ವ ಗಂಜಿ ಹಚ್ಚುತ್ತಿದ್ದಳು. ಏಳು ವರ್ಷದ ನಾನು ಎಲ್ಲರ ನಡಿಗೆಯನ್ನೂ ಅಣಕಿಸುವ ಓಣಿಯ ಕೋತಿ. ನೋಡಲಿಕ್ಕೂ ಹಾಗೇ ಇದ್ದೆ. ಕಟ್ಟೆಯ ಮೇಲೆ ಕೂತಿದ್ದ ಅಣ್ಣ, "ನಂದೂ ಮಾಡಲೇ!" ಎಂದ. ವಂಶದಿಂದ ಬಂದ ಸ್ನಾಯುರೋಗಕ್ಕೆ ಅವನ ನಡಿಗೆ ನಿಂತು ವರ್ಷವಾಗಿತ್ತು. ನನಗೆ ಅದು ಬಂದಿಲ್ಲ ಎಂಬುದೊಂದೇ ಅವ್ವನ ಧೈರ್ಯ.

ಹೊಟ್ಟೆ ಮುಂದೆ ಚಾಚಿ, ತುದಿಗಾಲಲ್ಲಿ ಬಾತುಕೋಳಿಯಂತೆ ನಡೆದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ನಿಜವಾಗಿಯೇ ಮುಗ್ಗರಿಸಿ ಬಿದ್ದೆ. ಮೊಣಕಾಲಿಗೊಂದು, ತೊಡೆಗೊಂದು ಕೈಯೂರಿ, ನನ್ನ ಮೈಯನ್ನೇ ಹತ್ತಿದಂತೆ ಮೇಲೆದ್ದೆ. ನಡಿಗೆ ನಿಲ್ಲುವ ಮೊದಲು ಅಣ್ಣನೂ ಹೀಗೇ ಏಳುತ್ತಿದ್ದ.

ಅವ್ವನ ಕೈ ನಿಂತಿತು. "ಆಟ ಸಾಕು. ಕೈ ಹಚ್ಚದ ಏಳಪಾ, ನೋಡೂಣು."

ಕೂತು ಮತ್ತೆ ಎದ್ದೆ. ಕೈ ತಾನಾಗಿ ತೊಡೆಗೆ ಹೋಯಿತು.

"ಇನ್ನೊಮ್ಮಿ, ನನ್ನಪ್ಪಾ."

"ನಾ ಯಾವಾಗ್ಲೂ ಹಿಂಗ ಏಳ್ತೇನಿ..." ಎನ್ನುವಷ್ಟರಲ್ಲಿ ಅಣ್ಣ ಬಾಯಿ ಹಾಕಿದ. ಅವನ ನಗು ಹೋಗಿತ್ತು.

"ಯವ್ವಾ, ಅಂವ ನನ್ನ ಅಣಕಸಾಕತ್ತಾನ. ಹೌದಿಲ್ಲಲೇ?" ಎಂದು ನನ್ನನ್ನೇ ದಿಟ್ಟಿಸಿದ.

"ಹೌದು" ಎಂದೆ. ಅಷ್ಟು ಕೆಟ್ಟದಾಗಿ ನಾನು ಎಂದೂ ನಟಿಸಿರಲಿಲ್ಲ.

ಅವ್ವ ನೆಲಕ್ಕೆ ಕೂತು, ಒದ್ದೆಗೈಯಲ್ಲೇ ನನ್ನ ಮೀನಖಂಡಗಳನ್ನು, ಅಣ್ಣನಿಗೆ ಮೊದಲು ಊದಿಕೊಂಡಿದ್ದ ಜಾಗವನ್ನೇ, ಒತ್ತಿ ಒತ್ತಿ ನೋಡತೊಡಗಿದಳು.